ಕೇಬಲ್ ಟೈ ಕಿರೀಟ

ಮನೆಯಲ್ಲಿ ರಬ್ಬರ್ ಬ್ಯಾಂಡ್ ಇರಲಿಲ್ಲ. ರಾದ್ಧಾಂತವೆಲ್ಲ ಶುರುವಾಗಿದ್ದು ಅಷ್ಟರಿಂದಲೇ.

ಇರಲಿಲ್ಲ ಅಂದರೆ ಪೂರ್ತಿ ಇರಲಿಲ್ಲ ಅಂತಲ್ಲ. ಹೆಣ್ಣುಮಗು ಇರುವ ಮನೆಯಲ್ಲಿ ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡುಗಳು ಎಲ್ಲಾ ಕಡೆ ಇರುತ್ತವೆ. ಮಂಚದ ಕೆಳಗೆ, ಫ್ರಿಜ್ಜಿನ ಹಿಂದೆ, ವಾಷಿಂಗ್ ಮೆಷಿನ್ನಿನ ಹೊಟ್ಟೆಯೊಳಗೆ, ಒಮ್ಮೊಮ್ಮೆ ಅಪ್ಪನ ಟಿಫಿನ್ ಡಬ್ಬಿಯಲ್ಲೂ. ತಲೆ ಬಾಚುವ ಹೊತ್ತಿಗೆ ಮಾತ್ರ ಒಂದೂ ಕೈಗೆ ಸಿಗುವುದಿಲ್ಲ. ಆ ದಿನ ಅಪ್ಪ, ಅಂದರೆ ವೈರ್‌ಮ್ಯಾನ್, ಮನೆಯನ್ನೆಲ್ಲ ಜಾಲಾಡಿದಾಗ ಸಿಕ್ಕಿದ್ದು ಎರಡು. ಒಂದನ್ನು ಎಳೆದು ನೋಡಿದ. ಅದು ಪಟ್ಟನೆ ಹರಿದು ಅವನ ಮೂಗಿಗೇ ಬಡಿಯಿತು. ಇನ್ನೊಂದಕ್ಕೆ ಅರ್ಧ ಚೀಪಿದ ಟಾಫಿಯೊಂದು ಅಂಟಿಕೊಂಡಿತ್ತು.

"ಅದು ನಂದು!" ಎಂದಳು ಮಗಳು. ಟಾಫಿಯನ್ನು ಬಾಯಿಗೆ ಹಾಕಿಕೊಂಡಳು. ರಬ್ಬರ್ ಬ್ಯಾಂಡ್ ಸಮೇತ.

ಮಗಳಿಗೆ ಐದು ವರ್ಷ. ಮನೆಯವರೂ ಬೀದಿಯವರೂ ಕರೆಯುವುದು ಪಟಾಕಿ ಅಂತ. ಹೆಸರಿಗೆ ಕಾರಣ ಹೇಳುವ ಅಗತ್ಯ ಯಾರಿಗೂ ಕಂಡಿಲ್ಲ. ಅವಳ ಬಾಯೊಳಗೆ ಬೆರಳು ಹಾಕಿ ರಬ್ಬರ್ ಬ್ಯಾಂಡ್ ಹೊರಗೆ ತೆಗೆಯುವಷ್ಟರಲ್ಲಿ ವೈರ್‌ಮ್ಯಾನಿನ ತೋರುಬೆರಳಿಗೆ ಎರಡು ಸಲ ಹಲ್ಲು ತಾಗಿತ್ತು. ರಬ್ಬರ್ ಬ್ಯಾಂಡ್ ಮೂರು ತುಂಡಾಗಿತ್ತು.

ಬೆಳಿಗ್ಗೆ ಹೆಂಡತಿ ಆಸ್ಪತ್ರೆಯ ಡ್ಯೂಟಿಗೆ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ್ದಳು:

"ಸಾಯಂಕಾಲ ಐದಕ್ಕೆ ಶಾಲೇಲಿ ರಜೆ ಬಿಡೋ ಕಾರ್ಯಕ್ರಮ. ನಾನು ನಾಲ್ಕಕ್ಕೆ ಬರ್ತೀನಿ. ಅಷ್ಟರೊಳಗೆ ಇವಳ ತಲೆ ರೆಡಿ ಇರ್ಬೇಕು. ವಿಡಿಯೋ ಕಳ್ಸಿದೀನಿ, ನೋಡ್ಕೊಂಡು ಮಾಡಿ. ಐದೇ ನಿಮಿಷದ ಕೆಲಸ."

"ಮಾಡ್ತೀನಿ ಬಿಡು."

"ಕತ್ತರಿ ಮುಟ್ಟಬೇಡಿ."

"ಕತ್ತರಿ ಯಾಕೆ ಮುಟ್ಲಿ?"

"ಹೋದ ವರ್ಷ ಯಾಕೆ ಮುಟ್ಟಿದ್ರಿ?"

ಹೋದ ವರ್ಷದ್ದು ಚೂಯಿಂಗ್ ಗಮ್ ಪ್ರಕರಣ. ಮಗಳ ಕೂದಲಿಗೆ ಅಂಟಿದ್ದ ಗಮ್ಮನ್ನು ಅವನು ಕತ್ತರಿಯಿಂದ ತೆಗೆದಿದ್ದ. ತೆಗೆದ ಮೇಲೆ ಒಂದು ಪಕ್ಕ ಗಿಡ್ಡವಾಯಿತು ಅಂತ ಇನ್ನೊಂದು ಪಕ್ಕ ಸಮ ಮಾಡಿದ್ದ. ಆಮೇಲೆ ಅದು ಗಿಡ್ಡವಾಯಿತು ಅಂತ ಮೊದಲಿನದನ್ನು. ಕೊನೆಗೆ ಮಗು ಆಡು ಮೇಯ್ದ ಬೇಲಿಯ ಹಾಗೆ ಕಾಣಿಸಿತ್ತು. ಹೆಂಡತಿ ಒಂದು ವಾರ ಮಾತಾಡಲಿಲ್ಲ. ಎರಡನೇ ವಾರ ಮಾತಾಡಿದಳು. ಅದು ಇನ್ನೂ ಕಷ್ಟವಾಗಿತ್ತು. ಅಂದಿನಿಂದ ಆ ಕೂದಲನ್ನು ಎಣ್ಣೆ ಹಾಕಿ, ನೀರು ಹಾಕಿ, ಹೂಕುಂಡದ ಗಿಡದ ಹಾಗೆ ಬೆಳೆಸಿ ಭುಜದ ಕೆಳಗೆ ಇಳಿಸಿದ್ದಳು.

"ಒಂದು ಕೂದಲು ಕತ್ತರಿಸಿದ್ದು ಕಾಣಿಸ್ಲಿ," ಎಂದಳು ಹೆಂಡತಿ, "ರಜೆ ಮುಗಿಯೋವರೆಗೂ ನಾನೂ ಅವಳೂ ಅಮ್ಮನ ಮನೇಲಿ."

ಗಂಡನ ಮುಖದಲ್ಲಿ ಸಣ್ಣ ಬೆಳಕು ಕಂಡಿರಬೇಕು. ಕೂಡಲೇ ತಿದ್ದಿಕೊಂಡಳು:

"ಅಲ್ಲ. ಅಮ್ಮನೇ ಇಲ್ಲಿಗೆ. ರಜೆ ಪೂರ್ತಿ."

ಬೆಳಕು ಆರಿತು.

ಅತ್ತೆ ಕಳೆದ ಸಲ ಬಂದಿದ್ದಾಗ ಅವನು ಕೂರುವ ಕುರ್ಚಿ, ಮಲಗುವ ಪಕ್ಕ, ಟೀವಿಯ ರಿಮೋಟು, ಊಟದ ಹೊತ್ತು, ಎಲ್ಲವನ್ನೂ ಬದಲಾಯಿಸಿದ್ದರು. ಅವನ ಗೊರಕೆಗೆ ಒಂದು ಕಷಾಯ, ನಡಿಗೆಗೆ ಇನ್ನೊಂದು ಕಷಾಯ ಕುಡಿಸಿದ್ದರು. ಎರಡೂ ಹೊಟ್ಟೆ ಕೆಡಿಸಿದಾಗ ಅದಕ್ಕೆ ಮೂರನೆಯದು. ಆದ್ದರಿಂದ ಆ ದಿನ ವೈರ್‌ಮ್ಯಾನಿನ ಪಾಲಿಗೆ ಮಗಳ ಒಂದೊಂದು ಕೂದಲೂ ಕರೆಂಟು ಹರಿಯುವ ತಂತಿಯಾಗಿತ್ತು.

ವಿಡಿಯೋ ಹಾಕಿದ. 'ರಜೆಯ ಸಂಭ್ರಮಕ್ಕೆ ಪುಟಾಣಿಗಳ ಸುಲಭ ಕೇಶಾಲಂಕಾರ.' ಒಬ್ಬ ತಾಯಿ ನಗುನಗುತ್ತ ಮಗುವಿನ ಕೂದಲನ್ನು ಭಾಗ ಮಾಡುತ್ತಿದ್ದಳು. ಒಂದೊಂದು ಭಾಗವನ್ನೂ ತಿರುಚಿ, ಸುರುಳಿ ಸುತ್ತಿ, ಪುಟ್ಟ ಗಂಟು ಮಾಡಿ, ತಲೆಯ ಸುತ್ತ ಕಿರೀಟದ ಹಾಗೆ ಕೂರಿಸುತ್ತಿದ್ದಳು. ಆ ಮಗು ಕಣ್ಣು ಕೂಡ ಮಿಟುಕಿಸದೆ ಕೂತಿತ್ತು. ಒಂದೋ ಅದು ಗೊಂಬೆ, ಇಲ್ಲವೇ ಆ ತಾಯಿ ಅದನ್ನು ಕುರ್ಚಿಗೆ ಕಟ್ಟಿಹಾಕಿದ್ದಾಳೆ ಎಂದುಕೊಂಡ ವೈರ್‌ಮ್ಯಾನ್. ಪಟಾಕಿ ಅಷ್ಟರಲ್ಲಿ ಸ್ಟೂಲಿನಿಂದ ಸೋಫಾಕ್ಕೂ ಸೋಫಾದಿಂದ ಕಿಟಕಿಗೂ ಹಾರಿದ್ದಳು.

ಸುರುಳಿ ಸುತ್ತುವುದೇನೂ ಅವನಿಗೆ ಹೊಸದಲ್ಲ. ಅವನ ಕೆಲಸವೇ ಅದು. ಅವನು ಕಟ್ಟಿದ ಸ್ವಿಚ್‌ಬೋರ್ಡಿನ ಪೆಟ್ಟಿಗೆ ತೆರೆದರೆ ಒಳಗೆ ವೈರುಗಳು ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತಿರುತ್ತಿದ್ದವು. ಮಗಳನ್ನು ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಇದು ಲೈನು, ಇದು ನ್ಯೂಟ್ರಲ್, ಇದು ಅರ್ತು ಎನ್ನುತ್ತ ಕೂದಲನ್ನು ಭಾಗ ಮಾಡಿದ. ಮೊದಲನೇ ಭಾಗವನ್ನು ಸುತ್ತಿ ಗಂಟು ಮಾಡಿ ಹಿಡಿದುಕೊಂಡ. ಹಿಡಿದುಕೊಂಡೇ ಇದ್ದ. ಕಟ್ಟಲು ಏನೂ ಇರಲಿಲ್ಲ.

ಆಗ ಅವನ ಕಣ್ಣಿಗೆ ಬಿದ್ದಿದ್ದು ಕೆಲಸದ ಚೀಲ. ಅದರಲ್ಲಿ ಕೇಬಲ್ ಟೈಗಳು.

ವೈರಿನ ಕಂತೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಅದು. ಒಂದು ತುದಿಗೆ ಪುಟ್ಟ ತಲೆ, ಆಮೇಲೆಲ್ಲ ಬಾಲ. ಬಾಲವನ್ನು ತಲೆಯ ತೂತಿಗೆ ತೂರಿಸಿ ಎಳೆದರೆ ಕಿರ್ರ್ ಎಂದು ಬಿಗಿಯುತ್ತದೆ. ಕೆಂಪು, ಹಳದಿ, ಹಸಿರು ಬಣ್ಣದವು. ನೋಡಲು ಎಷ್ಟು ಚೆಂದ!

ಕಿರ್ರ್. ಗಂಟು ನಿಂತಿತು. ಕಿರ್ರ್. ಇನ್ನೊಂದು. ಅಭ್ಯಾಸಬಲದಿಂದ ಕೊನೆಯಲ್ಲಿ ಒಂದು ಜಗ್ಗು. ಪಟಾಕಿಗೂ ಆ ಸದ್ದು ಹಿಡಿಸಿತು. "ಇನ್ನೊಂದು ಕಿರ್ರ್! ಅಪ್ಪಾ, ಇನ್ನೊಂದು!" ಎಂದು ಹುಟ್ಟಿದ ಮೇಲೆ ಮೊದಲ ಬಾರಿಗೆ ಒಂದೇ ಕಡೆ ಕೂತಳು. ಕೆಲಸದಲ್ಲಾದರೆ ಉಳಿದ ಬಾಲವನ್ನು ಕಟರಿನಿಂದ ಕತ್ತರಿಸುತ್ತಿದ್ದ. ಇಲ್ಲಿ ಹೆಂಡತಿಯ ಮಾತು ನೆನಪಾಯಿತು. ಕಟರೂ ಕತ್ತರಿಯ ಜಾತಿಯದೇ ಅಲ್ಲವೇ ಎಂದು ಸುಮ್ಮನಾದ. ಹಾಗಾಗಿ ಬಾಲಗಳೆಲ್ಲ ಮೇಲೆದ್ದು, ಮಗಳ ತಲೆಯ ಸುತ್ತ ಸೂರ್ಯನ ಕಿರಣಗಳ ಹಾಗೆ ನಿಂತವು.

ವೈರ್‌ಮ್ಯಾನ್ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ವಿಡಿಯೋದ ಮಗು ಇವಳ ಮುಂದೆ ಯಾವ ಲೆಕ್ಕ!

ಅಷ್ಟರಲ್ಲಿ ತೆರೆದ ಬಾಗಿಲಿನಿಂದ ಕೆಳಮನೆಯ ಟೈಲರಕ್ಕ ಇಣುಕಿದಳು. ಆ ಮನೆಯಲ್ಲಿ ಬಾಗಿಲು ತೆರೆದಿದ್ದರೆ ಟೈಲರಕ್ಕ ಇಣುಕುವುದು, ಮುಚ್ಚಿದ್ದರೆ ತಟ್ಟುವುದು ವಾಡಿಕೆ.

"ಅಯ್ಯಯ್ಯೋ, ಎಷ್ಟು ಮುದ್ದಾಗಿದೆ! ಯಾರು ಮಾಡಿದ್ದು? ನೀನಾ? ಸುಳ್ಳು ಹೇಳ್ಬೇಡ!"

"ನಾನೇ ಅಕ್ಕಾ."

"ಇರು, ಇರು, ಇದಕ್ಕೆ ಮಣಿ ಬೇಕು." ಟೈಲರಕ್ಕ ಕೆಳಗೋಡಿ ಹೋಗಿ, ರವಿಕೆಗೆ ಹೊಲಿಯುವ ಮಿಂಚುವ ಮಣಿಗಳನ್ನು ತಂದು ಒಂದೊಂದು ಬಾಲದ ತುದಿಗೂ ಪೋಣಿಸಿದಳು. ಈಗ ಪಟಾಕಿ ನಿಜವಾಗಿಯೂ ರಾಣಿಯಾದಳು.

"ಅಪ್ಪಾ," ಎಂದಳು ರಾಣಿ, "ಒಂಚೂರು ಸಡಿಲ ಮಾಡು."

"ನೋಯ್ತಿದೆಯಾ ಮಗಾ?"

"ನೋಯ್ತಿಲ್ಲ. ಹುಬ್ಬು ಮೇಲೆ ಹೋಗ್ಬಿಟ್ಟಿದೆ."

ನೋಡಿದರೆ ಹೌದು. ಹುಬ್ಬುಗಳು ಹಣೆಯ ಅರ್ಧಕ್ಕೆ ಏರಿ ನಿಂತಿದ್ದವು. ಲೋಕದಲ್ಲಿ ಕಂಡಿದ್ದಕ್ಕೆಲ್ಲ ಆಶ್ಚರ್ಯಪಡುವವಳ ಹಾಗೆ ಮಗು ಅಪ್ಪನನ್ನೇ ನೋಡುತ್ತಿತ್ತು. ವೈರ್‌ಮ್ಯಾನ್ ಒಂದು ಟೈಯನ್ನು ಹಿಡಿದು ಸಡಿಲಿಸಲು ಹೋದ. ಅವನ ಕೈ ಅಲ್ಲೇ ನಿಂತಿತು.

ಕೇಬಲ್ ಟೈ ಸಡಿಲವಾಗುವುದಿಲ್ಲ. ತೂರಿಸಿದ ಬಾಲ ಮುಂದೆ ಹೋಗುತ್ತದೆಯೇ ಹೊರತು ಹಿಂದೆ ಬರುವುದಿಲ್ಲ. ಕೆಲಸ ಕಲಿತ ಮೊದಲ ದಿನವೇ ಕಲಿತಿದ್ದ ಪಾಠ. ತೆಗೆಯಬೇಕಾದರೆ ಕತ್ತರಿಸಬೇಕು. ವೈರಿನ ಕಂತೆಯಲ್ಲಾದರೆ ಕಟರಿನ ಮೂತಿ ತೂರಿಸಲು ಸಂದು ಇರುತ್ತದೆ. ಇಲ್ಲಿ ಟೈಯ ಸುತ್ತಲೂ ಕೂದಲು ಉಬ್ಬಿ ಅದನ್ನು ಒಳಗೇ ನುಂಗಿಕೊಂಡಿತ್ತು. ಕಟರ್ ಹಾಕಿದರೆ ಟೈಯ ಜೊತೆ ಒಂದು ಮುಷ್ಟಿ ಕೂದಲೂ ಬರುವುದು ಖಂಡಿತ. ಹೆಂಡತಿ ಬಂದವಳೇ ಮೊದಲು ಮಗಳ ತಲೆ ಸವರುತ್ತಾಳೆ. ಸವರಿದ ಕೂಡಲೇ ಇದೇನೆಂದು, ಕತ್ತರಿಯಿಲ್ಲದೆ ಬಿಚ್ಚದೆಂದು ಗೊತ್ತಾಗುತ್ತದೆ. ಆಮೇಲೆ?

ಆಮೇಲೆ ಕಷಾಯ.

"ಅಕ್ಕಾ, ಇದನ್ನ ಬಿಚ್ಚಬೇಕು. ನಾಲ್ಕು ಗಂಟೆಯೊಳಗೆ."

"ಬಿಚ್ಚೋದಾ? ಈಗ್ಲೇ ಕಟ್ಟಿದೀಯಲ್ಲೋ! ತಲೆ ಕೆಟ್ಟಿದೆಯಾ?"

ವಿಷಯ ಹೇಳಿದ. ಟೈಲರಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಆ ಕೈ ನಗು ಮುಚ್ಚಲೋ ಗಾಬರಿ ಮುಚ್ಚಲೋ ಎಂದು ಹೇಳುವಂತಿರಲಿಲ್ಲ. "ಎಣ್ಣೆ ಹಾಕಿದ್ರೆ ಜಾರ್ತದೆ," ಎಂದು ಅಡುಗೆಮನೆಗೆ ನುಗ್ಗಿ ಬಾಟಲಿ ತಂದು, ಅವನು ಬೇಡ ಅನ್ನುವ ಮೊದಲೇ ಮಗುವಿನ ತಲೆಗೆ ಬಗ್ಗಿಸಿದಳು.

ಜಾರಿತು. ಟೈ ಅಲ್ಲ, ಪಟಾಕಿ. ಎಣ್ಣೆ ಕಿವಿಗೆ ಇಳಿಯುತ್ತಿದ್ದಂತೆ ಚಿಟ್ಟನೆ ಚೀರಿ ಸ್ಟೂಲಿನಿಂದ ಜಾರಿ, ಅಪ್ಪನ ಕೈಯಿಂದ ಮೀನಿನ ಹಾಗೆ ನುಣುಚಿ, ಬಾಗಿಲಾಚೆ ಮೆಟ್ಟಿಲಿಗೆ ಹಾರಿದಳು. ಹಿಡಿದಲ್ಲೆಲ್ಲ ಎಣ್ಣೆ. ಟೈಲರಕ್ಕನ ಕೈಗೆ ಸಿಕ್ಕಿದ್ದು ಒಂದು ಚಪ್ಪಲಿ, ವೈರ್‌ಮ್ಯಾನಿನ ಕೈಗೆ ಸಿಕ್ಕಿದ್ದು ಟೈಲರಕ್ಕ. ಮೂವರ ಗದ್ದಲಕ್ಕೆ ಎದುರುಮನೆಯ ಬಾಗಿಲು ತೆರೆಯಿತು.

ಪೀಪೀ...!

ಎದುರುಮನೆಯಲ್ಲಿದ್ದದ್ದು ಡ್ರಿಲ್ ಮಾಸ್ತರು. ಶಾಲೆಯಿಂದ ನಿವೃತ್ತಿಯಾಗಿ ಬಹಳ ವರ್ಷವಾಗಿತ್ತು, ಕೊರಳಿನ ಸೀಟಿ ಮಾತ್ರ ಇನ್ನೂ ಸೇವೆಯಲ್ಲಿತ್ತು. ಸೀಟಿ ಕೇಳಿದ್ದೇ ಪಟಾಕಿ ಎರಡು ಕೈಗಳನ್ನೂ ತೊಡೆಗೆ ಅಂಟಿಸಿ ನೇರ ನಿಂತಳು. ವೈರ್‌ಮ್ಯಾನೂ ನಿಂತ.

"ಏನಿದು ಅಶಿಸ್ತು?"

ವಿಷಯ ಮತ್ತೆ ಹೇಳಬೇಕಾಯಿತು. ಮಾಸ್ತರು ಮಗುವಿನ ತಲೆಯ ಸುತ್ತ ಒಂದು ಸುತ್ತು ಬಂದು, "ಇದೇನು ಮಹಾ," ಎಂದು ಒಳಗೆ ಹೋಗಿ ತಗಡು ಕತ್ತರಿಸುವ ಇಕ್ಕಳ ಹಿಡಿದುಕೊಂಡು ಬಂದರು. ಅದರ ಬಾಯೊಳಗೆ ಮಗುವಿನ ಇಡೀ ತಲೆ ಹಿಡಿಸುತ್ತಿತ್ತು.

"ಅದನ್ನ ಒಳಗಿಡಿ ಮಾಸ್ತರೇ!" ಎಂದಳು ಟೈಲರಕ್ಕ. "ಇದು ಮಗುವಿನ ತಲೆಯಾ, ಮಾಡಿನ ತಗಡಾ?"

"ನೀವು ಸುಮ್ನಿರಿ. ನೀವು ಎಣ್ಣೆ ಸುರಿದು ಮಾಡಿರೋ ಘನಕಾರ್ಯ ಮೆಟ್ಟಿಲು ತುಂಬ ಕಾಣ್ತಿದೆ. ಮಗೂ, ತಲೆ ಬಲಕ್ಕೆ... ತಿರುಗ್!"

ಪಟಾಕಿಗೆ ಬಲ ಯಾವುದು ಎಡ ಯಾವುದು ಗೊತ್ತಿರಲಿಲ್ಲ. ತಲೆಯನ್ನು ಎರಡೂ ಕಡೆ ಫಟಾರನೆ ತಿರುಗಿಸಿದಳು. ಮಣಿ ಕಟ್ಟಿದ ಬಾಲಗಳು ಚಾಟಿಯಂತೆ ಬೀಸಿ ಮಾಸ್ತರ ಕೆನ್ನೆಗೆ ಸಾಲಾಗಿ ಬಡಿದವು. ಸೇವೆಯಲ್ಲಿದ್ದಾಗ ಅವರು ಬೇರೆಯವರಿಗೆ ಕೊಟ್ಟಿದ್ದರಲ್ಲಿ ಒಂದಿಷ್ಟು ಬಡ್ಡಿ ಸಮೇತ ವಾಪಸ್ ಬಂದ ಹಾಗಾಯಿತು. ಟೈಲರಕ್ಕ ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ, ಬಾಯ್ತುಂಬ ನಕ್ಕಳು.

ವೈರ್‌ಮ್ಯಾನ್ ಮಗಳನ್ನು ಒಳಗೆ ಕೂರಿಸಿ, ತನಗೆ ಕೆಲಸ ಕಲಿಸಿದ ಮೇಸ್ತ್ರಿಗೆ ಫೋನ್ ಮಾಡಿದ.

"ಮೇಸ್ತ್ರಿ, ಟೈ ಬಿಗಿದುಬಿಟ್ಟಿದೆ. ಕತ್ತರಿಸೋ ಹಾಗಿಲ್ಲ. ಏನ್ಮಾಡ್ಲಿ?"

"ಬಿಸಿಗಾಳಿ ಹೊಡಿ. ಮೆತ್ತಗಾಗ್ತದೆ."

"ಬಿಸಿ ಆಗಲ್ಲ ಮೇಸ್ತ್ರಿ, ಕೆಳಗೆ ಮಗಳ ತಲೆ ಇದೆ."

ಮೇಸ್ತ್ರಿ ಎಂದೂ ಅವಸರದಲ್ಲಿ ಮಾತಾಡಿದವರಲ್ಲ.

"ಹಾಗಾದ್ರೆ ಮೊದಲು ಮೇನ್ ಸ್ವಿಚ್ ಆಫ್ ಮಾಡು," ಎಂದರು.

ಹೊರಗೆ ಮಾಸ್ತರಿಗೂ ಟೈಲರಕ್ಕನಿಗೂ ಜಗಳ ಜೋರಾಗಿತ್ತು. ಅದು ಎಣ್ಣೆಯನ್ನು ದಾಟಿ, ಟೈಲರಕ್ಕನ ಹೊಲಿಗೆ ಯಂತ್ರದ ರಾತ್ರಿಯ ಸದ್ದಿಗೆ ಹೋಗಿ, ಅಲ್ಲಿಂದ ಮಾಸ್ತರು ಬೆಳಗಿನ ಜಾವ ಮಾಳಿಗೆಯ ಮೇಲೆ ಮಾಡುವ ಜಿಗಿದಾಟಕ್ಕೆ ಬಂದು ನಿಂತಿತ್ತು. ಇಕ್ಕಳ ಇನ್ನೂ ಮಾಸ್ತರ ಕೈಯಲ್ಲೇ ಇದ್ದದ್ದು ನೋಡಿ ವೈರ್‌ಮ್ಯಾನ್ ಫೋನನ್ನು ಅಲ್ಲೇ ಬಿಟ್ಟು ಓಡಿದ. ಇಬ್ಬರ ನಡುವೆ ನಿಂತು, "ನೀವು ಹೇಳೋದೂ ಸರಿ, ಅವರು ಹೇಳೋದೂ ಸರಿ" ಎಂದು ಇಬ್ಬರಿಂದಲೂ ಬೈಸಿಕೊಂಡು, ಇಕ್ಕಳ ಕಿತ್ತುಕೊಂಡು ಒಳಗೆ ಬರುವಷ್ಟರಲ್ಲಿ ಒಳ್ಳೇ ಹೊತ್ತೇ ಹಿಡಿಯಿತು.

ಪಟಾಕಿ ಸೋಫಾದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು. ಫೋನು ಅವಳ ಕೈಲಿತ್ತು. ಕಾರ್ಟೂನ್ ನೋಡುತ್ತಿರಬೇಕು ಎಂದುಕೊಂಡ.

"ಅಪ್ಪಾ, ಅಮ್ಮ..."

"ಅಮ್ಮನ ಹೆಸರೆತ್ತಬೇಡ ಮಗಾ! ಕೈ ಮುಗೀತೀನಿ!"

"ಅಲ್ಲಪ್ಪಾ, ಅಮ್ಮ ಏನಂದ್ಲು ಅಂದ್ರೆ..."

"ಏನಂದ್ಲು ಅಂತ ನಂಗೊತ್ತು. ಬೆಳಿಗ್ಗೆ ನಾನೂ ಇದ್ನಲ್ಲ. ಈಗ ಬಾಯಿ ಮುಚ್ಕೊಂಡು ಕೂತ್ರೆ ಒಂದು ಟಾಫಿ."

"ಎರಡು."

"ಎರಡು."

ಪಟಾಕಿ ತುಟಿಗೆ ಬೀಗ ಹಾಕಿ ಬೀಗದ ಕೈಯನ್ನು ಕಿಟಕಿಯಾಚೆ ಎಸೆದ ಹಾಗೆ ನಟಿಸಿದಳು. ಮಾತು ಕೊಟ್ಟರೆ ತಪ್ಪುವವಳಲ್ಲ.

ವೈರ್‌ಮ್ಯಾನ್ ತಲೆ ಮೇಲೆ ಕೈ ಹೊತ್ತು ಕೂತ. ಆಗ ಹೊಳೆಯಿತು. ಸೂಜಿ! ಕೆಲಸದ ಜಾಗದಲ್ಲಿ ಕೆಲವು ಕಳ್ಳ ಕೆಲಸಗಾರರು ಹೊಸದರ ದುಡ್ಡು ಉಳಿಸಲು ಬಳಸಿದ ಟೈಯನ್ನೇ ಮತ್ತೆ ಬಳಸುತ್ತಿದ್ದರು. ಟೈಯ ತಲೆಯೊಳಗೆ ಒಂದು ಪುಟ್ಟ ನಾಲಿಗೆ ಇರುತ್ತದೆ. ತೆಳುವಾದ ಸೂಜಿ ತೂರಿಸಿ ಅದನ್ನು ಎತ್ತಿ ಹಿಡಿದರೆ ಬಾಲ ಹಿಂದಕ್ಕೆ ಬರುತ್ತದೆ. ಹಾಗೆ ಮಾಡಿದವರನ್ನೆಲ್ಲ ಅವನು ಬೈದು ಓಡಿಸಿದ್ದ. ಈಗ ಅವರೆಲ್ಲರೂ ದೇವರ ಹಾಗೆ ಕಂಡರು.

ಮಣಿ ಪೋಣಿಸುವ ಸೂಜಿ ಟೈಲರಕ್ಕನ ಹತ್ತಿರ ಇದ್ದದ್ದು ಒಂದೇ. ಸೆರಗಿಗೇ ಚುಚ್ಚಿಕೊಂಡಿದ್ದಳು. ಮಾಸ್ತರು ಟಾರ್ಚು ಹಿಡಿದರು. ಟೈಲರಕ್ಕ ಕೂದಲು ಸರಿಸಿ ಹಿಡಿದಳು. ವೈರ್‌ಮ್ಯಾನ್ ಉಸಿರು ಬಿಗಿಹಿಡಿದು ಸೂಜಿ ತೂರಿಸಿದ. ಒಂದು ಸಲ ತನ್ನ ಹೆಬ್ಬೆರಳಿಗೆ ಚುಚ್ಚಿಕೊಂಡ, ಇನ್ನೊಂದು ಸಲ ಟೈಲರಕ್ಕನದಕ್ಕೆ. ಎಣ್ಣೆಯ ಕೈ ಜಾರಿ ಮೂರನೇ ಸಲ ಮಾಸ್ತರಿಗೆ. ಕೊನೆಗೊಮ್ಮೆ ನಾಲಿಗೆ ಎದ್ದಿತು, ಬಾಲ ಮೆಲ್ಲಗೆ ಹಿಂದೆ ಬಂತು, ಮೊದಲ ಗಂಟು ಬಿಚ್ಚಿಕೊಂಡಿತು. ಮೂವರೂ ಒಟ್ಟಿಗೆ "ಹಾ!" ಎಂದರು. ಪಟಾಕಿ ಕೈ ಬೀಸಿ, ಕಣ್ಣು ಅರಳಿಸಿ ಏನೋ ಸನ್ನೆ ಮಾಡಿದಳು.

"ಟಾಫಿ ಆಮೇಲೆ," ಎಂದ ವೈರ್‌ಮ್ಯಾನ್.

ಒಂದೊಂದೇ ಗಂಟು ಬಿಚ್ಚುತ್ತ ಮಧ್ಯಾಹ್ನ ಕರಗಿತು. ಯಾರೂ ಊಟ ಮಾಡಲಿಲ್ಲ. ಕಟ್ಟಕಡೆಯ ಟೈ ಬಿಡುವಾಗ ಸೂಜಿ ಟಕ್ಕೆಂದು ಮುರಿಯಿತು, ಆದರೆ ಟೈ ಬಿಟ್ಟಿತ್ತು. ಒಂದು ಕೂದಲೂ ಕತ್ತರಿಸಿರಲಿಲ್ಲ. ತಾವಾಗಿಯೇ ಉದುರಿದ ನಾಲ್ಕಾರು ಎಳೆಗಳನ್ನು ವೈರ್‌ಮ್ಯಾನ್ ಯಾರಿಗೂ ಕಾಣದ ಹಾಗೆ ಜೇಬಿಗೆ ಹಾಕಿಕೊಂಡ.

ಬಿಚ್ಚಿದ ಕೂದಲು ಸಿಡಿಲು ಬಡಿದ ಪೊರಕೆಯ ಹಾಗೆ ನಾಲ್ಕೂ ದಿಕ್ಕಿಗೆ ಎದ್ದು ನಿಂತಿತ್ತು. ಅದನ್ನು ಬಾಚಿ, ಅಮುಕಿ, ಇಲಿಯ ಬಾಲದಂಥ ಒಂದು ಜಡೆ ಹಾಕಿ, ತುದಿಗೆ ಮಾಸ್ತರು ದೊಡ್ಡ ಮನಸ್ಸಿನಿಂದ ಬಿಚ್ಚಿಕೊಟ್ಟ ಸೀಟಿಯ ದಾರ ಕಟ್ಟಿದ. ಟೈಲರಕ್ಕ ಮಣಿಗಳನ್ನು ಬಾಚಿಕೊಂಡು ಕೆಳಗೆ ಹೋದಳು. ಮಾಸ್ತರು ಸೆಲ್ಯೂಟ್ ಹೊಡೆದು ಇಕ್ಕಳದೊಂದಿಗೆ ನಿರ್ಗಮಿಸಿದರು. ವೈರ್‌ಮ್ಯಾನ್ ಟೈಗಳನ್ನೆಲ್ಲ ಕೆಲಸದ ಚೀಲದ ತಳಕ್ಕೆ ತುರುಕಿ, ಸೋಫಾದಲ್ಲಿ ಕಾಲು ಚಾಚಿ, ಗೆದ್ದ ಪೈಲ್ವಾನನ ಹಾಗೆ ಉಸಿರುಬಿಟ್ಟ.

ಕರೆಗಂಟೆ ಹೊಡೆಯಿತು.

"ಎಲ್ಲಿ ನನ್ನ ರಾಣಿ?" ಹೆಂಡತಿ ಓಡಿಬಂದವಳು ಮಗಳ ಮುಂದೆ ನಿಂತು ಬಿಟ್ಟಕಣ್ಣು ಬಿಟ್ಟಳು. "ಇದೇನ್ರೀ! ಕಿರೀಟ ಎಲ್ಲಿ?"

"ಯಾವ... ಯಾವ ಕಿರೀಟ?"

"ಯಾವ ಕಿರೀಟಾನಾ? ಮಧ್ಯಾಹ್ನ ಇವಳೇ ವಿಡಿಯೋ ಕಾಲ್ ಮಾಡಿ ತೋರಿಸಿದ್ಲಲ್ಲ! ಬಣ್ಣದ ಕಡ್ಡಿ, ಮಣಿ, ಅಬ್ಬಾ! ಇಡೀ ವಾರ್ಡಿಗೆ ತೋರಿಸಿದೆ. ಏನೇ, ಅಪ್ಪಂಗೆ ಹೇಳು, ಮುಟ್ಟದೆ ಹಾಗೇ ಇಟ್ಟಿರ್ಲಿ ಅಂದಿದ್ನಲ್ಲೇ?"

ವೈರ್‌ಮ್ಯಾನ್ ಮಗಳ ಕಡೆ ತಿರುಗಿದ. ಮಗಳು ತುಟಿ ಬಿಗಿಹಿಡಿದು, ಅಂಗೈ ಮುಂದೆ ಚಾಚಿದಳು. ಟಾಫಿ ಬರದೆ ಅವಳು ಬಾಯಿ ತೆರೆಯುವಂತಿರಲಿಲ್ಲ.

"ಅವಳು ಹೇಳೋಕೆ ಬಂದ್ಲು," ಎಂದ ವೈರ್‌ಮ್ಯಾನ್ ಸಣ್ಣ ದನಿಯಲ್ಲಿ. "ನಾನೇ..."

"ಹೋಗ್ಲಿ ಬಿಡಿ, ಮತ್ತೆ ಕಟ್ಟಿ. ಇನ್ನೂ ಟೈಮಿದೆ." ಹೆಂಡತಿಯ ಮುಖದಲ್ಲಿ ಸಿಟ್ಟಿರಲಿಲ್ಲ. ಮದುವೆಯಾದ ಹೊಸದರಲ್ಲಿ ಒಂದೆರಡು ಸಲ ಕಂಡು ಆಮೇಲೆ ಕಾಣೆಯಾಗಿದ್ದ ಹೆಮ್ಮೆ ಇತ್ತು. "ನನ್ನ ಗಂಡ ಮಾಡಿದ್ದು ಅಂದ್ರೆ ಯಾರೂ ನಂಬಲಿಲ್ಲ. ಅಮ್ಮ ಅಂತೂ ನಾನು ಕಾಲ್‌ನಲ್ಲೇ ತೆಗೆದು ಕಳ್ಸಿದ ಫೋಟೋ ನೋಡಿದ್ದೇ ಬಸ್ಸು ಹತ್ತಿಬಿಟ್ರು. ಅಳಿಯಂದಿರ ಕೈಚಳಕ ಕಣ್ಣಾರೆ ನೋಡ್ಬೇಕಂತೆ. ಬಸ್ ಸ್ಟಾಪಿನಲ್ಲಿ ಸಿಕ್ಕಿದ್ರು, ಜೊತೇಲೇ ಬಂದ್ವಿ."

ಬಾಗಿಲಲ್ಲಿ ಮೊದಲು ಸೂಟ್‌ಕೇಸು ಕಾಣಿಸಿತು. ಆಮೇಲೆ ಇನ್ನೊಂದು ಸೂಟ್‌ಕೇಸು. ಆಮೇಲೆ ಬೇರು, ಕಡ್ಡಿ, ಪುಡಿಗಳ ಗಾಜಿನ ಬಾಟಲಿಗಳಿದ್ದ ಒಂದು ಬುಟ್ಟಿ. ಅದರ ಹಿಂದೆ ಅತ್ತೆ.

"ಅಳಿಯಂದ್ರೇ! ನಿಮ್ಮಲ್ಲಿ ಇಂಥ ಗುಣ ಇದೆ ಅಂತ ಇಷ್ಟು ವರ್ಷ ಗೊತ್ತೇ ಆಗ್ಲಿಲ್ವಲ್ಲ!"

ಹೆಂಡತಿ ಮುಖ ತೊಳೆಯಲು ಒಳಗೆ ಹೋದಳು. ಅತ್ತೆ ನೇರ ಬಂದವರೇ ಸ್ಟೂಲಿನ ಮೇಲೆ ಕೂತು, ಬೆನ್ನು ತಿರುಗಿಸಿ, ತುರುಬಿನ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಅವನ ಅಂಗೈಗೆ ಹಾಕಿದರು.

"ಮೊದಲು ನಂಗೊಂದು ಕಟ್ಟಿ ನೋಡೋಣ. ಇವಳದ್ದು ಆಮೇಲೆ. ಕಾರ್ಯಕ್ರಮಕ್ಕೆ ನಾನೂ ಬರ್ತೀನಲ್ಲ."

"ಅತ್ತೇ, ನಿಮಗೆ ಇದು... ಇದು ಸಣ್ಣ ಮಕ್ಕಳಿಗೆ..."

"ನಾಚ್ಕೋಬೇಡಿ. ಬಿಗಿಯಾಗಿ ಕಟ್ಟಿ. ನನ್ನ ಕೂದಲು ಏನು ಹಾಕಿದ್ರೂ ಹತ್ತು ನಿಮಿಷಕ್ಕೆ ಬಿಚ್ಚಿಹೋಗುತ್ತೆ."

ಪಟಾಕಿ ಕೆಲಸದ ಚೀಲದ ತಳಕ್ಕೆ ಕೈ ಹಾಕಿ, ಹಿಡಿ ತುಂಬ ಟೈಗಳನ್ನು ತಂದು ಅಪ್ಪನ ಮುಂದೆ ಹಿಡಿದಳು. ವೈರ್‌ಮ್ಯಾನ್ ಒಂದನ್ನು ತೆಗೆದುಕೊಂಡ. ಗಂಟು ಸುತ್ತಿದ. ಬಾಲ ತೂರಿಸಿದ. ಕಿರ್ರ್.

"ಇದು ಬಿಚ್ಚಲ್ಲ ಅತ್ತೆ," ಎಂದ. ಆ ದಿನ ಅತ್ತೆಯ ಮುಂದೆ ಅವನ ಬಾಯಿಂದ ಬಂದ ಅಪ್ಪಟ ಸತ್ಯ ಅದೊಂದೇ.

"ಹಾಗಾದ್ರೆ ಒಳ್ಳೇದೇ ಆಯ್ತು," ಎಂದರು ಅತ್ತೆ, ಹುಬ್ಬು ಮೇಲೇರಿಸಿಕೊಂಡು. "ಬಿಚ್ಚೋವರೆಗೂ ನಾನು ಇಲ್ಲೇ ಇರ್ತೀನಿ."